ಲಿಯಾಂಗರ ಮಾಜಾಂಗ್ ಪೆಟ್ಟಿಗೆ

ಪೆಟ್ಟಿಗೆ ನಮ್ಮ ಮನೆಯಲ್ಲೇ ಇತ್ತು, ಲಿನ್. ನಾನು ಹೇಳಿದಂತೆ ಅದು ರೈಲಿನಲ್ಲಿ ಕಳೆದುಹೋಗಿರಲಿಲ್ಲ. ರಾಜಾಜಿನಗರದ ನಮ್ಮ ಮನೆಯ ಹೊಸ್ತಿಲಾಚೆ ನಿಂತು ನೀವು ಕೇಳಿದಾಗ ಅದು ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬಳಿಯ ಮೇಜಿನ ಮೇಲೆ, ತೆರೆದೇ ಇತ್ತು. ಆ ಬೆಳಿಗ್ಗೆಯಷ್ಟೇ ಅದರ ಬಿಲ್ಲೆಗಳನ್ನು ಒರೆಸಿ ಬೆಳಕಿಗೆ ಹರವಿದ್ದೆ. ಇನ್ನೊಂದು ಮಾತೂ ಇದೆ — ಬರೆಯಲು ಇದು ಇನ್ನೂ ಕಷ್ಟ — ನಮ್ಮಪ್ಪ ಆಗ ಬದುಕಿದ್ದರು. ಸತ್ತಿದ್ದಾರೆಂದು ನೀವು ತಿಳಿದಿರಿ. ನಾನು ತಿಳಿಯಗೊಟ್ಟೆ.

ನೀವು ಚಿಕ್ಕವರಿದ್ದಾಗ ನಿಮ್ಮ ಜಡೆ ಹೆಣೆದವಳು ನಾನು. ಆಗ 'ನೀನು' ಎಂದೇ ಕರೆಯುತ್ತಿದ್ದೆ. ಈಗ ಆ ಸಲಿಗೆಗೆ ನನಗೆ ಮುಖವಿಲ್ಲ.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಹೇಳಬೇಕಾಗುತ್ತದೆ. ಇದನ್ನು ನನ್ನ ತಮ್ಮನೂ ಅವನ ಮಗಳೂ ಓದುತ್ತಾರೆ. ನಿಮ್ಮ ತಂದೆ ಯಾರೆಂದು ಹೋದ ತಿಂಗಳವರೆಗೆ ಅವರಿಗೆ ನಾನು ಸರಿಯಾಗಿ ಹೇಳಿರಲಿಲ್ಲ.

ಅಸ್ಸಾಮಿನ ತೇಯಿಲೆ ತೋಟಗಳ ಮಧ್ಯದ ಒಂದು ಸಣ್ಣ ನಿಲ್ದಾಣದಲ್ಲಿ ಅಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದರು. ಆ ತೋಟಗಳಿಗೆ ಮೇಜು ಕುರ್ಚಿ ಮಾಡಿಕೊಡುತ್ತಿದ್ದ ಬಡಗಿ ನಿಮ್ಮ ತಂದೆ ಲಿಯಾಂಗ್. ಭಾನುವಾರಗಳಲ್ಲಿ ಅವರು ಹಿತ್ತಾಳೆಯ ಹಿಡಿಯಿದ್ದ ಕಪ್ಪು ಮರದ ಪೆಟ್ಟಿಗೆಯನ್ನು ಹಿಡಿದುಕೊಂಡು, ನಿಮ್ಮನ್ನು ಮುಂದೆ ಬಿಟ್ಟುಕೊಂಡು, ನಮ್ಮ ಕ್ವಾರ್ಟರ್ಸಿಗೆ ಬರುತ್ತಿದ್ದರು. ಪೆಟ್ಟಿಗೆಯ ಮುಂಬದಿಯ ಹಲಗೆಯನ್ನು ಮೇಲಕ್ಕೆ ಜಾರಿಸಿದರೆ ಒಳಗೆ ಪುಟ್ಟ ಪುಟ್ಟ ಸೆಳೆಖಾನೆಗಳು. ಅವುಗಳ ತುಂಬ ಮಾಜಾಂಗ್ ಬಿಲ್ಲೆಗಳು. ಮೇಲ್ಮೈ ಮೂಳೆಯದು, ಬೆನ್ನು ಬಿದಿರಿನದು, ಎರಡನ್ನೂ ಅಂಟಿಲ್ಲದೆ ಒಂದರೊಳಗೊಂದು ಕಚ್ಚಿಸಿ ಕೂಡಿಸಿದ್ದರು. ಇಸ್ಪೀಟಿನ ರಮ್ಮಿಯಂಥದೇ ಆಟ, ಎಲೆಗಳ ಬದಲು ಬಿಲ್ಲೆಗಳು. ನಾಲ್ಕು ಜನ ಬೇಕು. ಅಮ್ಮ ಮಾತ್ರ ಮೂಳೆ ಎಂದು ಅದನ್ನು ಮುಟ್ಟುತ್ತಿರಲಿಲ್ಲ, ಒಳಗೂ ಬಿಡುತ್ತಿರಲಿಲ್ಲ. ಹಾಗಾಗಿ ಆಟವೆಲ್ಲ ಜಗಲಿಯ ಮೇಲೆಯೇ. ನಿಮ್ಮ ತಂದೆ, ನಿಮ್ಮ ತಾಯಿ, ಅಪ್ಪ, ನಾನು. ನೀವು ಪಕ್ಕದಲ್ಲಿ ಕೂತು, ಆಡಿ ಬಿಟ್ಟ ಬಿಲ್ಲೆಗಳಿಂದ ಗೋಡೆ ಕಟ್ಟುತ್ತಿದ್ದಿರಿ.

ಚೀನಾ ಯುದ್ಧ ಶುರುವಾದ ಮೇಲೆ ಒಂದು ಮಧ್ಯಾಹ್ನ ಪೊಲೀಸರು ಬಂದು ಆ ಭಾಗದ ಚೀನೀ ಮನೆಗಳವರನ್ನೆಲ್ಲ ಲಾರಿಗೆ ಹತ್ತಿಸಿದರು. ನಿಮ್ಮ ತಂದೆ ಹುಟ್ಟಿದ್ದೇ ಅಸ್ಸಾಮಿನಲ್ಲಿ. ಆದರೂ ಹೆಸರು ಲಿಯಾಂಗ್ ಅಲ್ಲವೇ — ಅಷ್ಟು ಸಾಕಾಯಿತು. ದೂರದ ರಾಜಸ್ಥಾನದ ಬಂಧನ ಶಿಬಿರಕ್ಕೆ ಹೋಗುವ ಗಾಡಿಗೆ ನಿಮ್ಮನ್ನು ಹತ್ತಿಸಿದ್ದು ನಮ್ಮ ನಿಲ್ದಾಣದಿಂದಲೇ. ಆ ಗಾಡಿ ಬಿಡಲು ಅನುಮತಿ ಕೊಡಬೇಕಾಗಿದ್ದವರು ನಮ್ಮಪ್ಪನೇ. ಕಿಟಕಿಯ ಸರಳುಗಳ ಸಂದಿಯಲ್ಲಿ ಪೆಟ್ಟಿಗೆ ತೂರಲಿಲ್ಲ. ನಿಮ್ಮ ತಂದೆ ಬಾಗಿಲವರೆಗೆ ಬಂದು ಪೊಲೀಸಿನವನ ತೋಳಿನ ಮೇಲಿಂದ ಅದನ್ನು ದಾಟಿಸಿದರು.

"ಮಾಸ್ಟರ್‌ಜೀ, ಇಟ್ಕೊಂಡಿರಿ. ಬಂದು ತಗೋತೀನಿ."

"ಇಟ್ಕೊಂಡಿರ್ತೀನಿ," ಅಂದರು ಅಪ್ಪ. ಆಮೇಲೆ ಗಾಡಿ ಬಿಟ್ಟರು.

ಅಪ್ಪ ನಿವೃತ್ತರಾಗಿ ನಾವು ಬೆಂಗಳೂರಿಗೆ ಬರುವ ಹೊತ್ತಿಗೆ ಅಮ್ಮ ತೀರಿಹೋಗಿದ್ದರು. ರಾಜಾಜಿನಗರದಲ್ಲಿ ಒಂದು ಸಣ್ಣ ಮನೆ. ನಾನು ಅಲ್ಲೇ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ತಮ್ಮ ಶ್ರೀಧರ ಓದುತ್ತಿದ್ದ. ಪೆಟ್ಟಿಗೆಯನ್ನು ಅಪ್ಪ ಮೊದಮೊದಲು ತೆಗೆಯುತ್ತಲೇ ಇರಲಿಲ್ಲ. ಒಮ್ಮೆ ತೆಗೆದಾಗ ಬಿಲ್ಲೆಗಳು ಹಳದಿಗಟ್ಟಿದ್ದವು, ಒಂದೆರಡರ ಬಿದಿರಿನಿಂದ ಹಿಟ್ಟು ಉದುರುತ್ತಿತ್ತು — ಹುಳ. ಅಪ್ಪ ಆ ದಿನ ಊಟ ಮಾಡಲಿಲ್ಲ. ಆಮೇಲೆ ಅವರಿಗೆ ಅದೇ ಧ್ಯಾನವಾಯಿತು. ಊರು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಆಂಗ್ಲೋ-ಇಂಡಿಯನ್ ಕುಟುಂಬವೊಂದು ಮನೆಸಾಮಾನು ಹರಾಜು ಹಾಕಿದಾಗ ಅದರಲ್ಲಿ ಒಂದು ಹಳೆಯ ಮಾಜಾಂಗ್ ಸೆಟ್ ಸಿಕ್ಕಿತು. ಇನ್ನೊಂದು ಗುಜರಿಯಲ್ಲಿ, ಅರ್ಧ ಬಿಲ್ಲೆಗಳೇ ಇಲ್ಲದ್ದು. ಮತ್ತೊಂದು ಸೇನೆಯಲ್ಲಿದ್ದ ಯಾರದೋ ವಿಧವೆಯಿಂದ. ಬಂದವರೆಲ್ಲ ಕೇಳುವರು — ಇವನ್ನೆಲ್ಲ ಯಾಕೆ ಕೂಡಿಹಾಕ್ತೀರಿ ಸಾರ್? ಅಪ್ಪನ ಉತ್ತರ ನನಗೆ ಬಾಯಿಪಾಠ.

"ಲಿಯಾಂಗ್‌ದು ಪರರ ವಸ್ತು. ತಪ್ಪು ಮಾಡೋದಿದ್ರೆ ನಮ್ಮದರ ಮೇಲೆ ಮಾಡಿ ಕಲೀಬೇಕು."

ಹಾಗೆಯೇ ಕಲಿತೆವು. ಒದ್ದೆ ಬಟ್ಟೆ ತಗುಲಿದರೆ ಮೂಳೆ ಉಬ್ಬಿ ಬಿದಿರಿನಿಂದ ಬಿಟ್ಟುಕೊಳ್ಳುತ್ತದೆ — ಹರಾಜಿನ ಸೆಟ್ಟಿನ ಮೇಲೆ ಕಲಿತದ್ದು. ಬಿಸಿಲಿಗಿಟ್ಟರೆ ಸೀಳುತ್ತದೆ, ಕತ್ತಲಲ್ಲಿಟ್ಟರೆ ಹಳದಿಯಾಗುತ್ತದೆ. ಕಿಟಕಿಯ ಮೆಲುಬೆಳಕೇ ಅದಕ್ಕೆ ಸರಿ. ಹಳೆಯ ಪಂಚೆಯ ಒಣ ತುಂಡಿನಿಂದಲೇ ಒರೆಸಬೇಕು. ಸೆಳೆಖಾನೆಗಳಲ್ಲಿ ಒಣಬೇವು, ಲವಂಗ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಆ ಕೆಲಸ ನನ್ನದಾಯಿತು. ನನ್ನನ್ನು ನೋಡಲು ಬಂದ ಗಂಡುಗಳು ಒಬ್ಬೊಬ್ಬರಾಗಿ ಬೇಡವೆಂದು ಹೋಗುತ್ತಿದ್ದ ವರ್ಷಗಳು ಅವು. ಶಾಲೆಯಿಂದ ಬಂದು ಆ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದರೆ — ಅವುಗಳ ತಣ್ಣಗಿನ ಭಾರ, ಬೆರಳಿಗೆ ಸಿಗುವ ಕೆತ್ತನೆ — ಮನಸ್ಸು ಒಂದು ಕಡೆ ನಿಲ್ಲುತ್ತಿತ್ತು. ಪೆಟ್ಟಿಗೆ ನಿಮ್ಮದೆಂಬುದನ್ನು ನಾನು ಯಾವಾಗ ಮರೆತೆನೋ ಗೊತ್ತಿಲ್ಲ. ಮರೆತೆ ಎಂಬುದಂತೂ ನಿಜ.

ಎಮರ್ಜೆನ್ಸಿಯ ಕಾಲ ಬಂತು. ಶ್ರೀಧರನಿಗೆ ರಕ್ಷಣಾ ಇಲಾಖೆಗೆ ಸಂಬಂಧಪಟ್ಟ ಒಂದು ಕಾರ್ಖಾನೆಯಲ್ಲಿ ಕೆಲಸ ಖಾತ್ರಿಯಾಗಿತ್ತು. ಪೊಲೀಸ್ ವೆರಿಫಿಕೇಷನ್ ಒಂದು ಬಾಕಿ. ಪಕ್ಕದ ಮನೆಯ ಪಾರ್ವತಮ್ಮ, ದಾವಣಗೆರೆ ಕಡೆಯವರು, ನಮ್ಮ ಆಟಕ್ಕೆ ನಾಲ್ಕನೆಯ ಕೈಯಾಗಿ ಬರುತ್ತಿದ್ದವರು, ಒಂದು ಸಂಜೆ ಕಾಂಪೌಂಡಿನ ಮೇಲಿಂದ ಬಗ್ಗಿ ದನಿ ತಗ್ಗಿಸಿದರು.

"ಪೊಲೀಸ್ನೋರು ಮನೆಗೇ ಬಂದು ನೋಡ್ತಾರಂತೆ ವಸಂತಾ. ಈಗ ಕಾಲ ಸರಿಯಿಲ್ಲ. ಆ ಚೀನಾ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕ್ಬಿಡ್ರಿ ಅತ್ಲಾಗೆ."

ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅಂದಿನಿಂದ ಗೇಟು ಕಿರ್ರೆಂದರೆ ಮೊದಲು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಖಾಕಿ ಬಣ್ಣ ಕಂಡರೆ — ಪೋಸ್ಟ್‌ಮ್ಯಾನ್ ಆದರೂ — ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕೋಣವೆಂದರೆ ಅಪ್ಪ ಕೇಳಲೇ ಇಲ್ಲ. "ಅಟ್ಟದಲ್ಲಿ ಹುಳ ಹಿಡಿಯತ್ತೆ," ಎಂದರಷ್ಟೇ.

ನೀವು ಬಂದದ್ದು ಆ ದಿನಗಳಲ್ಲಿ. ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದೆ. ಅಪ್ಪ ಮಲ್ಲೇಶ್ವರದಲ್ಲಿ ಸ್ನೇಹಿತರ ಮನೆಗೆ ಹೋಗಿದ್ದರು. ಗೇಟಿನ ಸದ್ದಿಗೆ ಎದ್ದು ಬಾಗಿಲಿಗೆ ಬಂದರೆ — ನೀಲಿ ಸೀರೆ, ಹೆಗಲಿಗೆ ಚೀಲ, ಬಿಸಿಲಿಗೆ ಕೆಂಪಾದ ಮುಖ. ಕಂಡ ಕ್ಷಣದಲ್ಲೇ ಗುರುತು ಸಿಕ್ಕಿತು. ನಿಮಗೂ ಸಿಕ್ಕಿತು.

"ವಸಂತಾ ದೀದಿ?"

ಎಷ್ಟು ಸಂತೋಷವಾಗಬೇಕಿತ್ತು. ಆದರೆ ನಾನು ಮೊದಲು ನೋಡಿದ್ದು ನಿಮ್ಮ ಮುಖವನ್ನಲ್ಲ, ರಸ್ತೆಯನ್ನು. ಯಾರಾದರೂ ನೋಡುತ್ತಿದ್ದಾರೆಯೇ ಎಂದು. ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲನ್ನು ನನ್ನ ಮೈಯಿಂದ ತುಂಬಿ ನಿಂತೆ.

ನೀವು ಹಿಂದಿ, ಇಂಗ್ಲಿಷ್ ಬೆರೆಸಿ ಹೇಳಿದಿರಿ. ನಿಮ್ಮ ತಂದೆ ಶಿಬಿರದಲ್ಲೇ ತೀರಿಹೋದದ್ದು. ಬಿಡುಗಡೆಯಾಗಿ ಬಂದರೆ ನಿಮ್ಮ ಮನೆ, ಹತ್ಯಾರು, ಎಲ್ಲ ಹರಾಜಾಗಿಹೋಗಿದ್ದದ್ದು. ಕಲ್ಕತ್ತೆಯಲ್ಲಿ ತಾಯಿಯೂ ನೀವೂ ಹೊಲಿಗೆ ಮಾಡಿ ಬದುಕಿದ್ದು. ಈಗ ಕೆನಡಾದಲ್ಲಿರುವ ಸೋದರಮಾವ ಕರೆಸಿಕೊಳ್ಳುತ್ತಿರುವುದು. ನಮ್ಮಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ನಮ್ಮ ವಿಳಾಸ ಕೊಟ್ಟಿದ್ದರಂತೆ. ಅಷ್ಟು ದೂರದಿಂದ ಒಬ್ಬರೇ ಬಂದಿದ್ದಿರಿ.

"ಅಪ್ಪನ ಪೆಟ್ಟಿಗೆ ಇದೆಯಾ ದೀದಿ? ಪೂರ್ತಿ ಬೇಡ. ಅದರಲ್ಲಿ ಒಂದು ಹೂವಿನ ಬಿಲ್ಲೆ ಕಳೆದುಹೋಗಿ, ಅದರ ಬದಲಿಗೆ ಅಪ್ಪ ಕೈಯಾರೆ ಒಂದು ಕೆತ್ತಿದ್ರಲ್ಲ, ಅದೊಂದು ಸಾಕು. ಅಮ್ಮನ ಹತ್ರ ಅಪ್ಪನದು ಅಂತ ಏನೂ ಉಳಿದಿಲ್ಲ. ಮಿಕ್ಕಿದ್ದು ನೀವೇ ಇಟ್ಕೊಳಿ."

ಆ ಬಿಲ್ಲೆ ನನಗೆ ಚೆನ್ನಾಗಿ ಗೊತ್ತಿತ್ತು. ಉಳಿದವುಗಳಿಗಿಂತ ಕೊಂಚ ದಪ್ಪ, ಹೂವಿನ ಒಂದು ಎಸಳು ಸೊಟ್ಟ. ಇಡೀ ಪೆಟ್ಟಿಗೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ. ಅದಿಲ್ಲದೆ ಸೆಟ್ ಪೂರ್ತಿಯಾಗುವುದಿಲ್ಲ — ದೇವರಾಣೆ, ನೀವು ಎದುರಿಗೆ ನಿಂತಿರುವಾಗ ನನ್ನ ತಲೆಯಲ್ಲಿ ಸುಳಿದ ಮೊದಲ ಯೋಚನೆ ಇದು. ಭಯ ಆಮೇಲೆ ಬಂತು. ಇಷ್ಟು ವರ್ಷ ನಾನು ಅದನ್ನು ತಿರುಗಿಸಿ ಇಟ್ಟುಕೊಂಡಿದ್ದೆ — ಮೊದಲು ಭಯ, ಆಮೇಲೆ ಆಸೆ ಎಂದು. ಅದು ಹಾಗಿರಲಿಲ್ಲ.

"ಇಲ್ಲ," ಅಂದೆ. "ಊರು ಬದಲಾಯಿಸುವಾಗ ರೈಲಲ್ಲಿ ಕಳೆದುಹೋಯ್ತು."

ನೀವು ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡಿರಿ. ಆಮೇಲೆ, "ಮಾಸ್ಟರ್‌ಜೀ?" ಎಂದಿರಿ.

"ಅಪ್ಪ ಇಲ್ಲ."

ಮನೆಯಲ್ಲಿಲ್ಲ ಎಂಬರ್ಥದಲ್ಲೇ ನಾನು ಹೇಳಿದ್ದು. ಆದರೆ ನಿಮ್ಮ ಕಣ್ಣು ತುಂಬಿಬಂತು. ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ. "ಅವರೂ ಹೋದ್ರಾ? ನಮ್ಮನ್ನ ನೋಡಿ ಸ್ಟೇಷನ್ನಲ್ಲಿ ಅತ್ತವರು ಅವರೊಬ್ಬರೇ ದೀದಿ." ಒಂದು ಮಾತು — 'ಛೆ, ಹಾಗಲ್ಲ, ಸಂಜೆ ಬರ್ತಾರೆ' ಎಂಬ ಒಂದೇ ಒಂದು ಮಾತು ಸಾಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಸಂಜೆ ಬರುತ್ತಾರೆಂದರೆ ನೀವು ಕಾಯುತ್ತಿದ್ದಿರಿ. ಅಪ್ಪ ಬಂದರೆ ಪೆಟ್ಟಿಗೆ ಹೊರಗೆ ಬರುತ್ತಿತ್ತು. ನಾನು ತಲೆ ತಗ್ಗಿಸಿದೆ. ಅಪ್ಪನ ಇನ್ನೊಂದು ಜೊತೆ ಚಪ್ಪಲಿ ಅಲ್ಲೇ ಬಾಗಿಲ ಮೂಲೆಯಲ್ಲಿತ್ತು. ಅದು ನಿಮಗೆ ಕಾಣದ ಹಾಗೆ ಸೆರಗು ಸರಿಪಡಿಸುವ ನೆಪದಲ್ಲಿ ಕಾಲು ಸರಿಸಿ ನಿಂತೆ.

ಹೋಗುವ ಮುಂಚೆ, ಮಾರನೆಯ ದಿನ ಮದ್ರಾಸ್ ಗಾಡಿ ಹತ್ತಿ ಕಲ್ಕತ್ತೆಗೆ ಮರಳುವುದಾಗಿ ಹೇಳಿದಿರಿ. ನೀರು ಕೇಳಿದಿರಿ. ಹೊರಗೇ ನಿಲ್ಲಿಸಿ ಒಂದು ಲೋಟ ನೀರು ತಂದುಕೊಟ್ಟೆ.

ಅಪ್ಪ ಬರುವಾಗ ಪಾರ್ವತಮ್ಮ ಗೇಟಿನಲ್ಲೇ ಸಿಕ್ಕಿದ್ದರು. "ಯಾರೋ ಚೀನಾ ಹುಡುಗಿ ಬಂದಿದ್ಲಲ್ಲ ಮಧ್ಯಾಹ್ನ?" ಎಂದು ಅವರು ಕೇಳುವುದು ಅಡಿಗೆಮನೆಗೆ ಕೇಳಿಸಿತು. ಅಪ್ಪ ಚಪ್ಪಲಿ ಬಿಡದೆಯೇ ಒಳಗೆ ಬಂದರು.

"ಯಾರಮ್ಮ ಅದು?"

"ಬ್ಯೂಟಿ ಪಾರ್ಲರ್‌ನೋಳು ಅಪ್ಪ. ಅಡ್ರೆಸ್ ತಪ್ಪಿ ಬಂದಿದ್ಲು." ಆಗ ಊರಿನ ಬ್ಯೂಟಿ ಪಾರ್ಲರುಗಳನ್ನು ಬಹುಮಟ್ಟಿಗೆ ಚೀನೀಯರೇ ನಡೆಸುತ್ತಿದ್ದರು.

"ಕೂರಿಸಿ ಕಾಫಿ ಕೊಡೋದಲ್ವೇನೇ! ಲಿಯಾಂಗ್ ಮನೆಯವರ ವಿಷಯ ಅವರವರಿಗೆ ಗೊತ್ತಿರತ್ತೆ. ಕೇಳಬಹುದಾಗಿತ್ತು... ಯಾವ ಪಾರ್ಲರ್ ಅಂತ ಹೇಳಿದ್ಲಾ?"

"ಇಲ್ಲಪ್ಪ."

ಅವರು ಬಹಳ ಹೊತ್ತು ಗೇಟಿನ ಬಳಿ ನಿಂತಿದ್ದರು. ಆ ಹುಡುಗಿ ಮತ್ತೆ ಆ ದಾರಿಯಲ್ಲಿ ಬಂದಾಳೆಂದು.

ಮಾರನೆಯ ದಿನ ಸುಳ್ಳು ನುಂಗಲಾಗದೆ, ಆ ಹೂವಿನ ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೆಜೆಸ್ಟಿಕ್ ಬಸ್ ಹತ್ತಿದೆ. ಸಿಟಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನೀವು ಕಂಡಿರಿ. ಚೀಲದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಿರಿ. ನಾನು ಪುಸ್ತಕದ ಅಂಗಡಿಯ ಮರೆಯಲ್ಲಿ ನಿಂತೆ. ಹೋಗಿ ಏನೆಂದು ಹೇಳುವುದು? ಸಿಕ್ಕಿತು ಎಂದೇ? ಒಂದು ಬಿಲ್ಲೆ ಸಿಕ್ಕಿದರೆ ಪೆಟ್ಟಿಗೆ ಎಲ್ಲಿ? ಅಪ್ಪ? ನಿಮ್ಮ ಮುಖ ಬದಲಾಗುವುದನ್ನು ನಾನು ನೋಡಬೇಕಾಗುತ್ತಿತ್ತು. ಆ ಕ್ಷಣವನ್ನು ಎದುರಿಸಲಾರದೆ, ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಎನ್ನುತ್ತ — ಗಾಡಿ ಹೊರಟಿತು. ನೀವು ಕಿಟಕಿಯಲ್ಲಿ ಕೂತಿದ್ದಿರಿ. ಈ ಕಡೆಗೇ ನೋಡುತ್ತಿದ್ದಿರಿ, ಆದರೆ ನನ್ನನ್ನಲ್ಲ. ಮನೆಗೆ ಬಂದು ಬಿಲ್ಲೆಯನ್ನು ಅದರ ಜಾಗದಲ್ಲಿಟ್ಟೆ. ಕರವಸ್ತ್ರಕ್ಕಿಳಿದ ನನ್ನ ಅಂಗೈಯ ಬೆವರಿಗೆ ಅದು ಒದ್ದೆಯಾಗಿತ್ತು. ಒರೆಸಿ, ಒಣಗಿಸಿ ಇಟ್ಟೆ. ಅಷ್ಟು ಎಚ್ಚರಿಕೆ ನನಗಿತ್ತು, ನೋಡಿ.

ಕೆಲವು ದಿನಗಳಾದ ಮೇಲೆ ವೆರಿಫಿಕೇಷನ್ನಿಗೆ ಒಬ್ಬ ಪೊಲೀಸಿನವನು ಬಂದ. ಅಪ್ಪ ಅವನನ್ನು ಕೂರಿಸಿ, ನಾನು ಕಣ್ಸನ್ನೆ ಮಾಡುತ್ತಿದ್ದರೂ ಲಕ್ಷ್ಯ ಕೊಡದೆ, ನಿಮ್ಮ ಪೆಟ್ಟಿಗೆಯನ್ನೇ ತಂದು ಅವನ ಮುಂದಿಟ್ಟು, ಲಿಯಾಂಗ್ ಯಾರು, ಯಾಕೆ ಹೋದರು ಎಲ್ಲ ಹೇಳಿದರು. ನಾನು ಕಾಫಿ ತಂದಿಟ್ಟೆ. ಅವನು ಬಿಲ್ಲೆಯೊಂದನ್ನು ಎತ್ತಿ ನೋಡಿ, "ಚೆನ್ನಾಗಿದೆ ಸಾರ್, ಇದನ್ನ ಹೆಂಗೆ ಆಡೋದು?" ಎಂದ. ಕಾಫಿ ಕುಡಿದು ಹೋದ. ಶ್ರೀಧರನಿಗೆ ಕೆಲಸವಾಯಿತು.

ಅಂದಿಗೆ ಭಯದ ನೆಪವೂ ಮುಗಿಯಿತು. ನೀವಿನ್ನೂ ಕಲ್ಕತ್ತೆಯಲ್ಲಿದ್ದಿರಿ. ಅಪ್ಪನಿಗೆ ಹೇಳಿದ್ದರೆ ಅಂದೇ ಆ ಸಹೋದ್ಯೋಗಿಗೆ ತಂತಿ ಕಳಿಸುತ್ತಿದ್ದರು. ಹೇಳಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆಯಲಿ, ಅಪ್ಪನ ಜ್ವರ ಇಳಿಯಲಿ... ಹೇಳದೆ ಹೋದ ಒಂದೊಂದು ದಿನವೂ ಮರುದಿನ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು.

ಈಗ ಹೇಳಬೇಕಾದದ್ದು ಇದಕ್ಕಿಂತ ಕೆಟ್ಟದ್ದು.

ಅಪ್ಪನ ಕೊನೆಯ ವರ್ಷ, ಮಹಾಲಯ ಅಮಾವಾಸ್ಯೆ. ನಡುಮನೆಯಲ್ಲಿ ಅವರು ತರ್ಪಣ ಬಿಡುತ್ತಿದ್ದರು. ಆ ದಿನ ತೀರಿಹೋದ ಹಿರಿಯರಿಗಷ್ಟೇ ಅಲ್ಲ, ಗೆಳೆಯರಿಗೂ ಎಳ್ಳುನೀರು ಬಿಡಬಹುದು. ನಾನು ಎಳ್ಳಿನ ಬಟ್ಟಲು ಹಿಡಿದು ಪಕ್ಕದಲ್ಲಿದ್ದೆ. ಎಲ್ಲರ ಹೆಸರೂ ಮುಗಿದ ಮೇಲೆ ಅಪ್ಪ ಕೈ ತಡೆದರು.

"ಇಷ್ಟು ವರ್ಷ ಯಾರೂ ಬರಲಿಲ್ಲ ಅಂದ್ರೆ ಯಾರೂ ಉಳಿದಿಲ್ಲ ಕಣಮ್ಮ. ಬಿಡೋರಾದ್ರೂ ಯಾರಿದಾರೆ ಅವರಿಗೆ? ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಅಂತಾರೆ."

ಲಿಯಾಂಗ್ ಎಂದು ಹೆಸರು ಹೇಳಿ ನೀರು ಬಿಟ್ಟರು. ಆಮೇಲೆ ನಿಮ್ಮ ತಾಯಿಯ ಹೆಸರು ಹೇಳಿದರು. ಕಲ್ಕತ್ತೆಯಲ್ಲೋ ಕೆನಡಾದಲ್ಲೋ ಬದುಕಿದ್ದ ನಿಮ್ಮ ತಾಯಿಗೆ. ನನ್ನ ಕೈಯಿಂದಲೇ ಎಳ್ಳು ತೆಗೆದುಕೊಂಡು. ನಾನು ತಡೆಯಲಿಲ್ಲ.

"ಆ ಮಗು ಹೆಸರು ಲಿನ್ ಅಲ್ವಾ?"

"ಬೇಡಪ್ಪ," ಅಂದೆ.

"ಯಾಕೆ?"

"ಚಿಕ್ಕವಳು. ಬದುಕಿರಬಹುದು."

"ಬದುಕಿದ್ರೆ ಬರ್ತಿರಲಿಲ್ವೇನೇ?"

ಅವರು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಗ ಹೇಳಬಹುದಿತ್ತು. ಅವರೇ ಬಾಗಿಲು ತೆರೆದಂತೆ ಇತ್ತು. ನಾನು ಕಣ್ಣು ತಪ್ಪಿಸಿದೆ. ಅವರು ಮತ್ತೇನೂ ಕೇಳದೆ, ಕೈಯಲ್ಲಿದ್ದ ಎಳ್ಳನ್ನು ಬಟ್ಟಲಿಗೆ ಹಿಂದಕ್ಕೆ ಹಾಕಿ ಎದ್ದರು. ಅವರಿಗೆ ತಿಳಿಯಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಆ ದಿನದ ನಂತರ ಅವರು ನನ್ನೊಡನೆ ಮಾಜಾಂಗ್ ಆಡಲಿಲ್ಲ, ಕೈಯಲ್ಲಾಗುವುದಿಲ್ಲ ಎಂದರು. ಚಳಿಗಾಲ ಮುಗಿಯುವ ಮುಂಚೆ ತೀರಿಕೊಂಡರು.

ಆಮೇಲಿನ ವರ್ಷಗಳಲ್ಲಿ ನಾನು ಇನ್ನೂ ಹಲವು ಸೆಟ್‌ಗಳನ್ನು ಕೂಡಿಸಿದೆ. ಅವನ್ನು ಕಾಪಾಡುವ ಬಗೆ ಕೇಳಲು ಎಲ್ಲೆಲ್ಲಿಂದಲೋ ಜನ ಬಂದರು. ನಿಮ್ಮ ಪೆಟ್ಟಿಗೆಯನ್ನು ನೋಡಿ ಇದು ಯಾರದೆಂದು ಕೇಳಿದವರಿಗೆ 'ನಮ್ಮ ತಂದೆಯದು' ಎಂದೆ. ಒಬ್ಬಿಬ್ಬರಿಗಲ್ಲ, ಕೇಳಿದವರಿಗೆಲ್ಲ.

ಹೋದ ತಿಂಗಳು ಶ್ರೀಧರನ ಮಗಳಿಗೆ ನಿಮ್ಮ ತಂದೆಯ ಕಥೆಯನ್ನು ಮೊದಲ ಬಾರಿ ಹೇಳಿದೆ, ನನ್ನ ಪಾಲನ್ನು ಬಿಟ್ಟು. ಅವಳು ಸುಮ್ಮನಿರಲಿಲ್ಲ. ಆ ಶಿಬಿರದಲ್ಲಿದ್ದ ಕುಟುಂಬಗಳವರು ಟೊರಾಂಟೊದಲ್ಲಿ ಈಗಲೂ ಸೇರುತ್ತಾರೆಂದು ಹೇಗೋ ಪತ್ತೆಮಾಡಿ, ವಿಚಾರಿಸಿ, ನೀವು ಇದ್ದೀರೆಂದು ತಿಳಿದು ಕುಣಿದುಬಿಟ್ಟಳು. ನಿಮ್ಮ ತಾಯಿ ಇಲ್ಲವೆಂದೂ ಅವಳೇ ಹೇಳಿದಳು. ಆ ರಾತ್ರಿಯೇ ಶ್ರೀಧರನಿಗೆ ಎಲ್ಲವನ್ನೂ ಹೇಳಿದೆ. ಅವನು ಮೆಲ್ಲಗೆ ಅಂದ:

"ಮನೆ ಖಾಲಿ ಮಾಡುವಾಗ ಸಿಕ್ತು ಅಂತ ಬರೆದುಬಿಡು ಅಕ್ಕ. ಈ ವಯಸ್ಸಲ್ಲಿ ಯಾರಿಗೆ ಏನು ಸಾಬೀತು ಮಾಡ್ಬೇಕು? ಅವರಿಗೂ ಸಂತೋಷ ಆಗತ್ತೆ."

ಅವನು ಪ್ರೀತಿಯಿಂದಲೇ ಹೇಳಿದ. ಸುಲಭವೂ ಹೌದು. ಎರಡು ದಿನ ನಾನು ಆ ವಾಕ್ಯವನ್ನು ಮನಸ್ಸಿನಲ್ಲಿ ಬರೆದು ಬರೆದು ನೋಡಿದೆ. ಎಷ್ಟು ಚೆನ್ನಾಗಿ ಕೂರುತ್ತಿತ್ತು ಅದು. ನೀವು ನನ್ನನ್ನು ಮತ್ತೆ ದೀದಿ ಎನ್ನುತ್ತಿದ್ದಿರಿ.

ಪೆಟ್ಟಿಗೆ ಈ ವಾರ ನಿಮ್ಮತ್ತ ಹೊರಡುತ್ತದೆ, ಜೊತೆಗೆ ಈ ಬರಹ. ಇದನ್ನು ನಿಮಗೆ ಓದಿ ಹೇಳಲು ಅಲ್ಲಿ ಯಾರನ್ನೋ ಗೊತ್ತುಮಾಡಿದ್ದಾಳೆ ಶ್ರೀಧರನ ಮಗಳು. ಉತ್ತರ ಬರೆಯಬೇಕಾಗಿಲ್ಲ. ಸಿಕ್ಕಿತು ಎಂದು ನಾನು ಬರೆಯಲಾರೆ, ಲಿನ್. ಅದು ಕಳೆದಿರಲೇ ಇಲ್ಲ. ನೀವು ಕೇಳಿದಿರಿ, ನಾನು ಕೊಡಲಿಲ್ಲ.